ತಾಯಿ ನೋಡದ ಮದುವೆ

ಕಳೆದ ಡಿಸೆಂಬರಿನ ಮೊದಲ ವಾರ ಹೌರಾದ ಶಿಬಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ನನ್ನ ಜೊತೆ ಕೆಲಸ ಮಾಡುವವರ ಮಗಳ ಮದುವೆ. ಬಂಗಾಳಿ ಮದುವೆ ಹೆಚ್ಚಾಗಿ ರಾತ್ರಿಯ ಹೊತ್ತಿನದು. ಲಗ್ನ ಹನ್ನೊಂದೂವರೆಗೆ ಇತ್ತು. ಬೆಳಗಿನ ಜಾವ ಎದ್ದು, ಮಂಜಿನಲ್ಲಿ ನಡುಗುತ್ತ ಮುಹೂರ್ತಕ್ಕೆ ಹೋಗಿ, ಹನ್ನೆರಡಕ್ಕೆ ಎಲೆ ಮುಂದೆ ಕೂತು ಬೆಳೆದ ನನ್ನಂಥವನಿಗೆ ಮೊದಲು ಊಟ, ಆಮೇಲೆ ಮದುವೆ ಎಂಬ ಕ್ರಮ ಹತ್ತು ವರ್ಷವಾದರೂ ಒಗ್ಗಿಲ್ಲ. ಮೀನು, ಮಾಂಸ, ಮಿಷ್ಟಿ ದೊಯಿ ಎಲ್ಲ ಮುಗಿಸಿ ಅರ್ಧ ಊರು ಮನೆಗೆ ಹೋದ ಮೇಲೆ, ಉಳಿದ ಐವತ್ತು ಜನರ ಎದುರು ಶಾಸ್ತ್ರ ಶುರುವಾಯಿತು.

ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ನಾಲ್ಕು ಜನ ಅಣ್ಣತಮ್ಮಂದಿರು ಹೊತ್ತುಕೊಂಡು ವರನ ಸುತ್ತ ಏಳು ಸುತ್ತು ತಂದರು. ಅಷ್ಟು ಹೊತ್ತೂ ಅವಳು ಎರಡು ವೀಳ್ಯದೆಲೆಗಳನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಏಳನೇ ಸುತ್ತು ಮುಗಿದು, ಎಲೆ ಸರಿಸಿ ಇಬ್ಬರೂ ಒಬ್ಬರನ್ನೊಬ್ಬರು ನೋಡಬೇಕು. ಅದಕ್ಕೆ ಇವರು ಶುಭದೃಷ್ಟಿ ಎನ್ನುತ್ತಾರೆ. ನಮ್ಮ ಕಡೆ ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವ ಗಳಿಗೆ ಇದೆಯಲ್ಲ, ಅದೇ. ಅಲ್ಲಿ ಬಟ್ಟೆ, ಇಲ್ಲಿ ಎಲೆ. ಎಲೆ ಸರಿಯುವ ಕ್ಷಣಕ್ಕೆ ಸರಿಯಾಗಿ ಮೂರು ಕ್ಯಾಮರಾಗಳು ನಮ್ಮ ಮತ್ತು ಅವರ ನಡುವೆ ಬಂದು ನಿಂತವು. ನಮಗೆ ಕಂಡದ್ದು ಕಪ್ಪು ಟೀಶರ್ಟಿನ ಮೂರು ಬೆನ್ನು. ಇದನ್ನು ದೂರು ಎಂದು ಹೇಳುತ್ತಿಲ್ಲ. ಆ ಬೆನ್ನುಗಳನ್ನು ನೋಡುತ್ತಲೇ ನನಗೆ ಹುಡುಗಿಯ ಅಮ್ಮ ಎಲ್ಲಿ ಎಂಬ ಪ್ರಶ್ನೆ ಹುಟ್ಟಿದ್ದು.

ಅವರು ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಬಂಗಾಳಿ ಹಿಂದೂಗಳಲ್ಲಿ ತಾಯಿ ತನ್ನ ಮಗಳ ಅಥವಾ ಮಗನ ಮದುವೆಯನ್ನು ನೋಡಬಾರದು ಎಂಬ ಹಳೆಯ ರೂಢಿ ಇದೆ. ತಾಯಿಯ ದೃಷ್ಟಿ ತಾಗುತ್ತದೆಯಂತೆ. ಈಗ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ, ಎಷ್ಟೋ ಮನೆಗಳಲ್ಲಿ ಬಿಟ್ಟಿಲ್ಲ. ಇಪ್ಪತ್ತೈದು ವರ್ಷ ಸಾಕಿದವಳನ್ನು ಎಲ್ಲರೂ ನೋಡಬಹುದು, ಅಡುಗೆಯವರೂ, ಡೆಕೊರೇಟರನ ಹುಡುಗರೂ, ಶಿವಮೊಗ್ಗದಿಂದ ಬಂದ ನಾನೂ; ಹೆತ್ತವಳು ಮಾತ್ರ ನೋಡುವಂತಿಲ್ಲ. ಮೇಲೆ ಹೋಗಿ ಮಾತಾಡಿಸಿದಾಗ ಅವರು ಬಹಳ ಸಹಜವಾಗಿ ಹೇಳಿದರು, ನನಗೇನು ಬಿಡಿ, ವಿಡಿಯೋದಲ್ಲಿ ನೋಡುತ್ತೇನೆ ಎಂದು.

ಮದುವೆಯ ವಿಡಿಯೋ ಎಂದರೆ ನಾವು ನಗುತ್ತೇವೆ. ಹೃದಯದ ಆಕಾರದಲ್ಲಿ ತೆರೆದುಕೊಳ್ಳುವ ಚಿತ್ರ, ತಾವರೆಯಿಂದ ಏಳುವ ಮದುಮಗಳು. ಆದರೆ ಆ ಮಾತು ಕೇಳಿದ ಮೇಲೆ ಇದಕ್ಕೊಂದು ಚರಿತ್ರೆ ಇರಬೇಕು, ಅದರಲ್ಲಿ ನೋಡಬಾರದವರು ನೋಡಿದ್ದು ಹೇಗೆ ಎಂಬುದೂ ಇರಬೇಕು ಅನ್ನಿಸಿತು. ಇದನ್ನು ಹುಡುಕುವುದಕ್ಕೆ ಕಲ್ಕತ್ತಾಗಿಂತ ಒಳ್ಳೆಯ ಊರು ಇಲ್ಲ.

ಹುಸಿ ಫೋಟೋದಿಂದಲೇ ಶುರುಮಾಡಬಹುದು. ವಿಕ್ಟೋರಿಯಾ ರಾಣಿಯ ಮದುವೆಯ ಫೋಟೋ ಎಂದು ಒಂದು ಚಿತ್ರ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿರುತ್ತದೆ. ತಲೆಯ ಮೇಲೆ ಹೂವು, ಬಿಳಿಯ ಮುಸುಕು, ಪಕ್ಕದಲ್ಲಿ ಆಲ್ಬರ್ಟ್. ಮದುವೆಯಾದದ್ದು 1840ರ ಫೆಬ್ರವರಿಯಲ್ಲಿ. ರೋಜರ್ ಫೆಂಟನ್ ಈ ಚಿತ್ರ ತೆಗೆದದ್ದು 1854ರ ಮೇ ತಿಂಗಳಲ್ಲಿ. ಹದಿನಾಲ್ಕು ವರ್ಷದ ಅಂತರ. ಅಷ್ಟರಲ್ಲಿ ಎಂಟು ಮಕ್ಕಳಾಗಿದ್ದವು. ಆದರೂ ಜನ ಅದನ್ನು ಮದುವೆಯ ಚಿತ್ರವೆಂದೇ ನೋಡುತ್ತಾರೆ, ಏಕೆಂದರೆ ಮದುವೆಯ ಚಿತ್ರದಲ್ಲಿ ಏನಿರಬೇಕೋ ಅದೆಲ್ಲ ಅದರಲ್ಲಿದೆ. ಇವತ್ತಿನ ಪ್ರೀ ವೆಡ್ಡಿಂಗ್ ಶೂಟನ್ನು ನಕಲಿ ಎಂದು ಗೊಣಗುವವರು ಇದನ್ನೊಮ್ಮೆ ನೆನೆಯಬೇಕು.

ಕಲ್ಕತ್ತಾದಲ್ಲಿ 1856ರಲ್ಲೇ ಬಂಗಾಳದ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. 1860ರ ದಶಕದಲ್ಲಿ ಬೋರ್ನ್ ಅಂಡ್ ಶೆಫರ್ಡ್ ಬಂತು. ಸಿಮ್ಲಾದಲ್ಲಿ ಆರಂಭವಾದ ಕಂಪನಿ, ಆಮೇಲೆ ಇಲ್ಲಿ ನೆಲೆಯೂರಿ, ಎಸ್ಪ್ಲನೇಡಿನ ಹತ್ತಿರ ಈಗಿನ ಸುರೇಂದ್ರನಾಥ ಬ್ಯಾನರ್ಜಿ ರಸ್ತೆಯ ಕಟ್ಟಡದಲ್ಲಿ ನೂರಕ್ಕೂ ಹೆಚ್ಚು ವರ್ಷ ಇತ್ತು. ವೈಸರಾಯ್‌ಗಳು, ಮಹಾರಾಜರು, ಬಾಬುಗಳು ಎಲ್ಲ ಅಲ್ಲಿ ಹೋಗಿ ಕೂತವರೇ. ಅಲ್ಲಿ ಕೆಲಸ ಕಲಿಯುತ್ತಿದ್ದ ಅಬಿನಾಶ್ ದಾನ್ ಎಂಬ ಹುಡುಗ 1884ರ ಸುಮಾರಿಗೆ ದಕ್ಷಿಣೇಶ್ವರದಲ್ಲಿ ತೆಗೆದ ಒಂದು ಫೋಟೋವನ್ನು ನೀವೆಲ್ಲರೂ ನೋಡಿದ್ದೀರಿ. ಪದ್ಮಾಸನದಲ್ಲಿ ಕೂತ ರಾಮಕೃಷ್ಣ ಪರಮಹಂಸರು. ಕೈ ಜಾರಿ ಗಾಜಿನ ನೆಗೆಟಿವ್ ಬಿದ್ದು ಮೇಲ್ಭಾಗ ಒಡೆಯಿತು. ಒಡೆದ ಭಾಗವನ್ನು ಕಮಾನಿನಂತೆ ಕತ್ತರಿಸಿ ಮುಚ್ಚಿದರು. ತಲೆಯ ಹಿಂದಿನ ಆ ಅರ್ಧವರ್ತುಲವನ್ನು ಪ್ರಭಾವಳಿ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ನಮ್ಮ ಮನೆಯ ನಡುಮನೆಯಲ್ಲಿ ಅದೇ ಚಿತ್ರ, ಪಕ್ಕದಲ್ಲೇ ಅಪ್ಪ ಅಮ್ಮನ ಮದುವೆಯದು.

ಆಗ ಮದುವೆಯ ಮನೆಗೆ ಕ್ಯಾಮರಾ ಹೋಗುತ್ತಿರಲಿಲ್ಲ. ಗಾಜಿನ ಹಲಗೆ, ಮೂರು ಕಾಲಿನ ಸ್ಟ್ಯಾಂಡು, ಬೆಳಕು ಬೇಕಾದರೆ ಹಗಲು. ರಾತ್ರಿ ನಡೆಯುವ ಬಂಗಾಳಿ ಮದುವೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹಾಗಾಗಿ ಮದುವೆಯಾದ ಕೆಲವು ದಿನಕ್ಕೆ ಗಂಡ ಹೆಂಡತಿ ಸ್ಟುಡಿಯೋಗೆ ಹೋಗಿ ಜೋಡಿ ಚಿತ್ರ ತೆಗೆಸಿಕೊಳ್ಳುವುದು ಬಂತು. 1883ರ ಡಿಸೆಂಬರಿನಲ್ಲಿ ರವೀಂದ್ರನಾಥರಿಗೂ ಮೃಣಾಲಿನಿಗೂ ಮದುವೆಯಾಯಿತು. ಆ ಕಾಲದ ಅವರಿಬ್ಬರ ಫೋಟೋ ಇದೆ. ಇಪ್ಪತ್ತೆರಡರ ಗಂಡ, ಅವನ ಅರ್ಧ ವಯಸ್ಸೂ ಆಗದ ಹೆಂಡತಿ. ಅದನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗಿ ಕ್ಯಾಮರಾವನ್ನು ನೋಡಿ ಏನು ತಿಳಿದಿರಬಹುದು ಎಂದು ಅನ್ನಿಸುತ್ತದೆ. ಅತ್ತೆ ಮಾವಂದಿರ ಎದುರು ಗಂಡನ ಪಕ್ಕ ಕೂರುವಂತಿಲ್ಲದ ಕಾಲದಲ್ಲಿ, ಕೂರಲು ಅನುಮತಿಯಿದ್ದ ಒಂದೇ ಜಾಗ ಸ್ಟುಡಿಯೋದ ಕುರ್ಚಿ. ಬಂಗಾಳದ ಈ ದಂಪತಿ ಚಿತ್ರಗಳ ಬಗ್ಗೆ ಮಾಲವಿಕಾ ಕಾರ್ಲೇಕರ್ ಚೆನ್ನಾಗಿ ಬರೆದಿದ್ದಾರೆ, ಆಸಕ್ತಿಯಿದ್ದವರು ಹುಡುಕಿ ಓದಬಹುದು.

ಆದರೆ ಸ್ಟುಡಿಯೋಗೆ ಹೋಗಲಾರದ ಹೆಂಗಸರು? ಪರಪುರುಷನ ಎದುರು ಮುಸುಕು ತೆಗೆಯದವರಿಗಾಗಿ ಹೆಂಗಸರೇ ನಡೆಸುವ ಜನಾನಾ ಸ್ಟುಡಿಯೋಗಳು ಬಂದವು. ಹೈದರಾಬಾದಿನಲ್ಲಿ ಲಾಲಾ ದೀನದಯಾಳರು 1892ರಲ್ಲಿ ತೆರೆದದ್ದು ಪ್ರಸಿದ್ಧ. ಬಂಗಾಳದಲ್ಲಿ ಆಮೇಲೆ ಅನ್ನಪೂರ್ಣಾ ದತ್ತ ಎಂಬವರು ಮನೆಮನೆಗೆ ಹೋಗಿ ಒಳಮನೆಯ ಹೆಂಗಸರ ಫೋಟೋ ತೆಗೆದು ಸಂಸಾರ ನಡೆಸಿದರು. 1894ರಲ್ಲಿ ಹುಟ್ಟಿದ ಈಕೆಗೆ ಹನ್ನೆರಡಕ್ಕೇ ಮದುವೆಯಾಗಿತ್ತು. ಕ್ಯಾಮರಾದ ಹಿಂದೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಯಾರು ಕಾಣುತ್ತಾರೆ ಎಂಬುದು ತೀರ್ಮಾನವಾಗುತ್ತಿತ್ತು.

ಚಲಿಸುವ ಚಿತ್ರ ಬಂದ ಮೇಲೆ ಏನಾಯಿತು ಎಂದರೆ ಕಲ್ಕತ್ತಾದ ಕತೆ ಹೀರಾಲಾಲ್ ಸೇನರಿಂದ ಆರಂಭವಾಗಬೇಕು. ಫೋಟೋಗ್ರಾಫರ್ ಆಗಿದ್ದವರು, ತಮ್ಮನ ಜೊತೆ ಸೇರಿ 1898ರಲ್ಲಿ ರಾಯಲ್ ಬಯೋಸ್ಕೋಪ್ ಕಂಪನಿ ಕಟ್ಟಿದರು. ನಾಟಕದ ದೃಶ್ಯ ಹಿಡಿದರು, ಕೂದಲೆಣ್ಣೆಯ ಜಾಹೀರಾತು ಹಿಡಿದರು, ಸಿರಿವಂತರ ಮನೆಗಳಲ್ಲಿ ಚಿತ್ರ ತೋರಿಸಿದರು. ಐದನೇ ಜಾರ್ಜ್ ಬಂದಾಗ ತೆಗೆದ ಚಿತ್ರದ ಮಾರುದ್ದ ಹೆಸರಿನಲ್ಲಿ ಹೌರಾಕ್ಕೆ ಆಗಮನ ಎಂಬುದೂ ಒಂದು ತುಣುಕು. ನಮ್ಮ ಹೌರಾ ಸಿನಿಮಾದಲ್ಲಿ ಬಂದದ್ದು ಅಷ್ಟು ಹಿಂದೆಯೇ. ಆದರೆ ನೋಡುವ ಹಾಗಿಲ್ಲ. 1917ರಲ್ಲಿ ಬೆಂಕಿ ಬಿದ್ದು ಅವರ ಎಲ್ಲ ರೀಲುಗಳೂ ಸುಟ್ಟವು. ಅದೇ ಹೊತ್ತಿಗೆ ಅವರೂ ತೀರಿಕೊಂಡರು. ಬೋರ್ನ್ ಅಂಡ್ ಶೆಫರ್ಡಿಗೂ 1991ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, ನೆಗೆಟಿವ್‌ಗಳ ಬಹುಭಾಗ ಹೋಯಿತು. ಈ ಊರಿನ ಚಿತ್ರಗಳ ಚರಿತ್ರೆ ಬರೆಯುವವರು ಬೂದಿಯಿಂದಲೇ ಬರೆಯಬೇಕು.

ಮೈಸೂರಿನವರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು. ನಮ್ಮ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಇದೇ ಕಲ್ಕತ್ತಾದಲ್ಲಿ. ಕಿಯೊರಾತಲಾ ಸ್ಮಶಾನದ ಪಕ್ಕ ಅವರ ಸ್ಮಾರಕ ಇನ್ನೂ ಇದೆ. ಮೂರು ವರ್ಷದೊಳಗೆ, 1897ರಲ್ಲಿ, ಅವರ ಹಿರಿಯ ಮಗಳ ಮದುವೆಯ ಸಂಭ್ರಮದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟಿತು. ನಾವು ಇವತ್ತು ಸಾಲಾಗಿ ನಿಂತು ಟಿಕೆಟ್ ತೆಗೆದು ನೋಡುವ ಅರಮನೆ ಆ ಮದುವೆಯ ಬೆಂಕಿಯಿಂದ ಹುಟ್ಟಿದ್ದು.

ಆಮೇಲೆ ಬಹಳ ಕಾಲ ಮದುವೆಯ ಸಿನಿಮಾ ಎಂದರೆ ದೊಡ್ಡವರ ಮನೆಯ ಆಟ. ಕೊಡಕ್ 1923ರಲ್ಲಿ 16 ಎಂಎಂ, 1932ರಲ್ಲಿ 8 ಎಂಎಂ, 1965ರಲ್ಲಿ ಸೂಪರ್ 8 ತಂದಿತು. ಸೂಪರ್ 8ರ ಒಂದು ಡಬ್ಬಿಯಲ್ಲಿ ಐವತ್ತಡಿ ಫಿಲ್ಮು, ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಮಂಟಪ, ಮಾಲೆ, ಅಜ್ಜಿ, ಕಾರು. ಈ ಮೂರು ನಿಮಿಷ ಇಪ್ಪತ್ತು ಸೆಕೆಂಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1976ರಲ್ಲಿ ಜೆವಿಸಿ ಕಂಪನಿ ವಿಎಚ್‌ಎಸ್ ಬಿಟ್ಟಿತು. ನಮ್ಮಲ್ಲಿ 1982ರ ಏಷ್ಯನ್ ಗೇಮ್ಸ್ ನೆಪದಲ್ಲಿ ಕಲರ್ ಟಿವಿ ಬಂತು, ಹಿಂದೆಯೇ ವಿಸಿಆರ್ ಬಂತು. ದಶಕದ ಕೊನೆಗೆ ಕ್ಯಾಮರಾ ಮತ್ತು ರೆಕಾರ್ಡರು ಒಂದೇ ಆಗಿ ಹೆಗಲ ಮೇಲೆ ಕೂತಿತು. ಸಾಗರ, ತೀರ್ಥಹಳ್ಳಿಯಂಥ ಊರಿನ ಸ್ಟುಡಿಯೋದವರೂ ಪ್ಯಾನಸಾನಿಕ್ಕಿನ ಆ ದೊಡ್ಡ ಕ್ಯಾಮರಾ ಇಟ್ಟುಕೊಂಡರು. ಒಂದು ಕ್ಯಾಸೆಟ್ಟಿಗೆ ಮೂರು ಗಂಟೆ. ಮೂರು ನಿಮಿಷದಿಂದ ಮೂರು ಗಂಟೆಗೆ! ಇದರ ಜೊತೆ ಒಬ್ಬ ಹುಡುಗ, ಅವನ ಕೈಯಲ್ಲಿ ಸಾವಿರ ವಾಟಿನ ಹ್ಯಾಲೊಜನ್ ದೀಪ, ಹಿಂದೆ ಹಾವಿನಂತೆ ವಯರು. ಆ ಬೆಳಕಿಗೆ ಮದುಮಗಳ ಕುಂಕುಮ ಕರಗಿ ಮೂಗಿನ ತನಕ ಬರುತ್ತಿತ್ತು. ಪಂಕ್ತಿಯಲ್ಲಿ ಕೂತವರ ಎದುರು ದೀಪ ಹಿಡಿದು ಒಬ್ಬೊಬ್ಬರ ಬಾಯಿಯನ್ನೂ ಹಿಡಿಯುತ್ತಿದ್ದರು. ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ನಾವು ಎಷ್ಟು ಹಾಸ್ಯ ಮಾಡಿದ್ದೇವೆ. ಆದರೆ ಆ ಕ್ಯಾಮರಾಕ್ಕೆ ಭೇದ ಗೊತ್ತಿರಲಿಲ್ಲ. ಮೂರು ಗಂಟೆ ತುಂಬಿಸಬೇಕಿತ್ತಾದ್ದರಿಂದ ಸೌಟು ಹಿಡಿದ ಭಟ್ಟರೂ ಬಂದರು, ಚಪ್ಪರದ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ ಅಜ್ಜನೂ ಬಂದ, ಉಡುಗೊರೆ ಬರೆದುಕೊಳ್ಳುತ್ತಿದ್ದ ಮೇಷ್ಟರೂ ಬಂದರು.

ಮತ್ತು ಬಂಗಾಳದಲ್ಲಿ, ಬಾಗಿಲು ಹಾಕಿಕೊಂಡು ಕೂತ ತಾಯಂದಿರು ಮೊದಲ ಬಾರಿಗೆ ಮಕ್ಕಳ ಮದುವೆ ನೋಡಿದರು. ನನ್ನ ಶಿಬಪುರದ ಸಹೋದ್ಯೋಗಿಯ ಮದುವೆ 1993ರಲ್ಲಿ ಆದದ್ದು. ಮದುವೆಯಾದ ತಿಂಗಳಿಗೆ ಕ್ಯಾಸೆಟ್ಟು ಬಂದಾಗ ಅವರ ತಾಯಿ ಮಧ್ಯಾಹ್ನ ಪಕ್ಕದ ಮನೆಯ ಹೆಂಗಸರನ್ನೆಲ್ಲ ಕರೆದು, ಚಾಪೆ ಹಾಸಿ, ಇಡೀ ಮೂರು ಗಂಟೆ ನೋಡಿದರಂತೆ. ಶುಭದೃಷ್ಟಿ ಬಂದಾಗ ಉಲುಧ್ವನಿ ಮಾಡಿದರಂತೆ, ಟಿವಿಯ ಎದುರು ಕೂತು. ದೃಷ್ಟಿ ತಾಗುವ ಮಾತು ಏನಾಯಿತು ಎಂದು ಕೇಳಿದೆ. ಕ್ಯಾಸೆಟ್ಟಿಗೆ ದೃಷ್ಟಿ ತಾಗುವುದಿಲ್ಲ, ಅದು ಆಗಿಹೋದದ್ದು ಎಂದು ಅವರು ಹೇಳಿದ್ದರಂತೆ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು.

ನಮ್ಮಕ್ಕನ ಮದುವೆ 1992ರ ಮೇ ತಿಂಗಳಲ್ಲಿ, ಮನೆಯಂಗಳದಲ್ಲೇ ಆಯಿತು. ಎರಡು ಕ್ಯಾಸೆಟ್ಟು. ನಮ್ಮಲ್ಲಿ ತಾಯಿ ನೋಡಬಾರದೆಂಬ ರೂಢಿಯಿಲ್ಲ, ಆದರೆ ಅಮ್ಮ ನೋಡಿದ್ದೂ ಅಷ್ಟಕ್ಕಷ್ಟೇ. ಧಾರೆಯ ಹೊತ್ತಿಗೆ ಬಂದು ನೀರೆರೆದು ಮತ್ತೆ ಉಗ್ರಾಣಕ್ಕೆ. ಅವಳೂ ಮಗಳ ಮದುವೆ ನೋಡಿದ್ದು ಕ್ಯಾಸೆಟ್ಟಿನಲ್ಲಿಯೇ, ಚಿಕ್ಕಪ್ಪನ ಮನೆಯ ವಿಸಿಆರ್‌ನಲ್ಲಿ. ಎರಡನೇ ಕ್ಯಾಸೆಟ್ಟು ಹೆಣ್ಣೊಪ್ಪಿಸುವ ಶಾಸ್ತ್ರದಿಂದ ಶುರುವಾಗುತ್ತಿತ್ತು. ಅದರಲ್ಲಿ ಅಪ್ಪ ಅಳುತ್ತಿದ್ದ. ಎಲ್ಲರ ಎದುರು ಅವನು ಅತ್ತದ್ದು ಅದೊಂದೇ ಸಲ. 1994ರಲ್ಲಿ ಅಪ್ಪ ಹೋದ.

1996ರ ಮಾರ್ಚ್ 13ರಂದು ವಿಶ್ವಕಪ್ಪಿನ ಸೆಮಿಫೈನಲ್ ಇತ್ತು. ಭಾರತ ಮತ್ತು ಶ್ರೀಲಂಕಾ, ಕಲ್ಕತ್ತಾದ ಈಡನ್ ಗಾರ್ಡನ್ಸ್. ನಾಲ್ಕು ದಿನ ಹಿಂದೆ ಬೆಂಗಳೂರಿನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲನ ಸ್ಟಂಪ್ ಹಾರಿಸಿದ್ದ, ಆ ನಶೆ ಇಳಿದಿರಲಿಲ್ಲ. ನನಗೆ ಹನ್ನೆರಡು, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ರಾತ್ರಿ ಟಿವಿ ಇಲ್ಲ, ಓದು ಎಂದು ಅಮ್ಮನ ಅಪ್ಪಣೆ. ರೆಕಾರ್ಡ್ ಮಾಡಿ ಮಾರನೇ ದಿನ ನೋಡೋಣವೆಂದರೆ ಖಾಲಿ ಕ್ಯಾಸೆಟ್ಟಿಲ್ಲ. ಇದ್ದ ಒಂದೆರಡರಲ್ಲಿ ಅಕ್ಕನ ಮದುವೆಯ ಎರಡನೆಯದು. ಎರಡನೆಯದರಲ್ಲಿ ಬರೀ ಊಟ ಮಾಡುವವರು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಲ್ಲವೆಂದು ನನಗೆ ಗೊತ್ತಿತ್ತು.

ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರುತ್ತಿತ್ತು. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಸ್ಟುಡಿಯೋದವರು ಜಾಗ್ರತೆಯಾಗಿ ಮುರಿದೇ ಕೊಟ್ಟಿದ್ದರು. ಆದರೆ ಆ ತೂತಿನ ಮೇಲೆ ಒಂದು ತುಂಡು ಸೆಲೋಟೇಪ್ ಅಂಟಿಸಿದರೆ ಯಂತ್ರ ಮೋಸಹೋಗುತ್ತದೆ. ಇದು ನನಗೆ ಹೇಗೆ ಗೊತ್ತಿತ್ತು ಎಂಬುದು ನೆನಪಿಲ್ಲ. ಅಂಟಿಸಿದ್ದು ನೆನಪಿದೆ, ಕಂಪಾಸ್ ಬಾಕ್ಸಿನ ಕತ್ತರಿಯಿಂದ ಕತ್ತರಿಸಿದ್ದೂ.

ಪಂದ್ಯದ ಕತೆ ನಿಮಗೆ ಗೊತ್ತು. ಒಂದಕ್ಕೆ 98 ಇದ್ದದ್ದು ತೆಂಡೂಲ್ಕರ್ ಸ್ಟಂಪ್ ಆದೊಡನೆ ಎಂಟಕ್ಕೆ 120 ಆಯಿತು. ಜನ ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು, ಪಂದ್ಯ ನಿಂತಿತು, ಶ್ರೀಲಂಕಾ ಗೆದ್ದಿತು ಎಂದು ಘೋಷಿಸಿದರು. ವಿನೋದ್ ಕಾಂಬ್ಳಿ ಅಳುತ್ತ ಹೊರಗೆ ಹೋದ. ನಮ್ಮಪ್ಪ ಅಳುತ್ತಿದ್ದ ಕ್ಯಾಸೆಟ್ಟಿನಲ್ಲಿ ಕಾಂಬ್ಳಿ ಅಳುತ್ತಿದ್ದ. ಅಮ್ಮನಿಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಅಕ್ಕ ಬಾಣಂತನಕ್ಕೆ ಬಂದಾಗ. ಬೈಯಲಿಲ್ಲ. ಆ ದಿನ ಏನೂ ಹೇಳದೆ ಕೊಟ್ಟಿಗೆಗೆ ಹೋದಳು, ಅಷ್ಟೇ.

ಸರಿ, ಚರಿತ್ರೆಗೆ ಬರೋಣ. ಸಿನಿಮ್ಯಾಟಿಕ್ ಎಂಬ ಪದ ಮದುವೆಯ ವಿಡಿಯೋಗೆ ಅಂಟಿಕೊಂಡದ್ದು ಯಾವಾಗ? ನನ್ನ ಲೆಕ್ಕದಲ್ಲಿ 2008ರ ಸೆಪ್ಟೆಂಬರಿನ ನಂತರ. ಆಗ ಕ್ಯಾನನ್ ಕಂಪನಿ 5ಡಿ ಮಾರ್ಕ್ 2 ಎಂಬ ಕ್ಯಾಮರಾ ಪ್ರಕಟಿಸಿತು. ಅದು ಸ್ಟಿಲ್ ಕ್ಯಾಮರಾ. ವಿಡಿಯೋ ಅದಕ್ಕೆ ಒಂದು ಹೆಚ್ಚುವರಿ ಸೌಲಭ್ಯ. ಆದರೆ ಅದರ ಸೆನ್ಸರು ಸಿನಿಮಾ ಫಿಲ್ಮಿನ ಚೌಕಟ್ಟಿಗಿಂತ ದೊಡ್ಡದು. ಮುಖ ಮಾತ್ರ ಸ್ಪಷ್ಟ, ಹಿಂದಿನ ದೀಪಗಳೆಲ್ಲ ಬಣ್ಣದ ಗುಳ್ಳೆಗಳು. ಹ್ಯಾಲೊಜನ್ ಬೇಡ, ಇರುವ ಬೆಳಕಿನಲ್ಲೇ ಸಾಕು. ಮದುವೆ ಫೋಟೋ ತೆಗೆಯುವವನ ಕೈಗೆ ಸಿನಿಮಾದ ಕಣ್ಣು ಸಿಕ್ಕಿತು.

ಇನ್ನೊಂದು ಸಂಗತಿಯನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಆ ಕ್ಯಾಮರಾ ಒಂದು ಓಟಕ್ಕೆ ಸುಮಾರು ಹನ್ನೆರಡು ನಿಮಿಷ ಮಾತ್ರ ರೆಕಾರ್ಡ್ ಮಾಡುತ್ತಿತ್ತು, ಫೈಲು ನಾಲ್ಕು ಜಿಬಿ ದಾಟುವಂತಿರಲಿಲ್ಲ. ಮೂರು ಗಂಟೆಯ ಶಾಸ್ತ್ರವನ್ನು ಒಂದೇ ಓಟದಲ್ಲಿ ಹಿಡಿಯುವ ಯಂತ್ರವೇ ಅಲ್ಲ. ಹಾಗಾಗಿ ತುಣುಕು ತುಣುಕಾಗಿ ತೆಗೆ, ಚೆಂದದ್ದನ್ನು ಆಯ್ದು ಜೋಡಿಸು, ಹಾಡು ಹಾಕು. ನಾಲ್ಕು ನಿಮಿಷದ ಚಿತ್ರ. ಸೂಪರ್ 8ರ ಡಬ್ಬಿಯ ಹತ್ತಿರ ಹತ್ತಿರ ಮತ್ತೆ ಬಂದೆವು ನೋಡಿ. ಅಲ್ಲಿ ಫಿಲ್ಮಿನ ಬಡತನ, ಇಲ್ಲಿ ಕಾರ್ಡಿನ ಮಿತಿ. ಅದರಿಂದಲೇ ಈ ಶೈಲಿ ಹುಟ್ಟಿರಬೇಕೆಂಬುದು ನನ್ನ ಅನುಮಾನ. ಮಿತಿ ಹೋದ ಮೇಲೂ ಶೈಲಿ ಉಳಿಯಿತು.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. 2010ರಲ್ಲಿ ಬ್ಯಾಂಡ್ ಬಾಜಾ ಬಾರಾತ್ ಬಂತು. 2013ರ ನಂತರ ಡ್ರೋನು, ಕೈಯಲ್ಲಿ ಹಿಡಿದು ಓಡಿದರೂ ಅಲುಗಾಡದ ಗಿಂಬಲ್ಲು. 2017ರ ಡಿಸೆಂಬರಿನಲ್ಲಿ ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಇಟಲಿಯಲ್ಲಿ ಮದುವೆಯಾದರು, ಮರುವರ್ಷ ದೀಪಿಕಾ ಮತ್ತು ರಣವೀರ್ ಕೋಮೊ ಸರೋವರದ ದಡದಲ್ಲಿ. ಇವರ ಉಡುಪಿನ ಸವ್ಯಸಾಚಿ ಮುಖರ್ಜಿ ಕಲ್ಕತ್ತಾದವರು. ಕೆಂಪು ಹೋಗಿ ಮಾಸಲು ಗುಲಾಬಿ ಬಂತು. ದೀಪಿಕಾ ಕೊಂಕಣಿ ಮದುವೆಯಲ್ಲಿ ಉಟ್ಟ ಸೀರೆ ಮಾತ್ರ ಅಮ್ಮ ಕೊಟ್ಟದ್ದು, ಬೆಂಗಳೂರಿನ ಅಂಗಡಿ ಮನೆತನದ ಮಳಿಗೆಯದು ಎಂದು ಸವ್ಯಸಾಚಿಯವರೇ ಸ್ಪಷ್ಟನೆ ಕೊಟ್ಟರು. ಬೆಂಗಳೂರಿನವರು ಈ ವಿಷಯ ತಿಳಿದುಕೊಂಡಿರುವುದು ಒಳ್ಳೆಯದು, ಕಲ್ಕತ್ತಾದವರ ಜೊತೆ ವಾದಕ್ಕೆ ಬೇಕಾಗುತ್ತದೆ.

ಹೌರಾದಲ್ಲಿ ಇದರ ರೂಪ ನೋಡಬೇಕಾದರೆ ಚಳಿಗಾಲದ ಬೆಳಗ್ಗೆ ಐದೂವರೆಗೆ ರಾಮಕೃಷ್ಣಪುರ ಘಾಟಿಗೆ ಬರಬೇಕು. ಸ್ನಾನಕ್ಕೆ ಬಂದವರು ಒಂದು ಕಡೆ, ಗೌನು ಹಿಡಿದ ಹುಡುಗಿ ಇನ್ನೊಂದು ಕಡೆ. ಆಚೆ ದಡದ ಮಲ್ಲಿಕ್ ಘಾಟಿನ ಹೂವಿನ ಸಂತೆಯಲ್ಲಿ, ಚೆಂಡುಹೂವಿನ ಮೂಟೆ ಹೊತ್ತವರ ನಡುವೆ ಇನ್ನೊಂದು ಜೋಡಿ. ಹೌರಾ ಸೇತುವೆಯ ಮೇಲೆಯೇ ನಿಂತು ತೆಗೆಯಲು ಪೊಲೀಸರು ಬಿಡುವುದಿಲ್ಲ, ಅದಕ್ಕೇ ಕೆಳಗಿನಿಂದ. 1943ರಲ್ಲಿ ತೆರೆದ, 26,500 ಟನ್ ಉಕ್ಕಿನ ಆ ಸೇತುವೆ ಎಲ್ಲರ ಚಿತ್ರದಲ್ಲೂ ಹಿನ್ನೆಲೆ, ಮಬ್ಬಾಗಿ. ಮತ್ತೊಂದು ಕಡ್ಡಾಯ ವಸ್ತು ಹಳದಿ ಅಂಬಾಸಿಡರ್ ಟ್ಯಾಕ್ಸಿ. ಪಕ್ಕದ ಉತ್ತರಪಾಡಾದಲ್ಲಿ ಆ ಕಾರು ಮಾಡುವುದನ್ನು 2014ರ ಮೇ ತಿಂಗಳಲ್ಲಿ ನಿಲ್ಲಿಸಿದರು, ಹದಿನೈದು ವರ್ಷ ದಾಟಿದ ಟ್ಯಾಕ್ಸಿಗಳು ರಸ್ತೆಯಿಂದ ಇಳಿಯುತ್ತಿವೆ. ಇನ್ನು ಕೆಲವು ವರ್ಷಕ್ಕೆ ಕಲ್ಕತ್ತಾದ ಹಳದಿ ಟ್ಯಾಕ್ಸಿ ಹೇಗಿತ್ತು ಎಂದು ತಿಳಿಯಬೇಕಾದವರು ಯಾರದೋ ಮದುವೆಯ ಚಿತ್ರ ಹುಡುಕಬೇಕಾದೀತು.

ಸಿನಿಮ್ಯಾಟಿಕ್ ಎಂದು ಮೂಗು ಮುರಿಯುವುದು ಈ ಊರಿನಲ್ಲಿ ನ್ಯಾಯವಲ್ಲ. ಮದುವೆಮನೆಯಲ್ಲಿ ಈಗ ಬಿಳಿ ಬಟ್ಟೆಯ ಪೆಟ್ಟಿಗೆಯೊಳಗಿಂದ ಮೆತ್ತಗೆ ಬರುತ್ತದಲ್ಲ ಬೆಳಕು, ಅದರ ಮೂಲವನ್ನು ಬಹಳ ಜನ ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರರ ಕಡೆ ತೋರಿಸುತ್ತಾರೆ. 1956ರ ಅಪರಾಜಿತೊ ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸೆಟ್ ಹಾಕಿದಾಗ, ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಪುಟಿದ ಬೆಳಕಿನಲ್ಲಿ ಚಿತ್ರಿಸಿದರು. ಮೂರು ವರ್ಷದ ಮೇಲೆ ಬಂದ ಅಪುರ್ ಸಂಸಾರ್‌ನಲ್ಲಿ ಒಂದು ಮದುವೆಯಿದೆ. ಪಲ್ಲಕ್ಕಿಯಲ್ಲಿ ಬಂದ ವರನಿಗೆ ಹುಚ್ಚು. ಲಗ್ನ ತಪ್ಪಬಾರದು ಎಂದು ಎಲ್ಲರಿಗೂ ಆತಂಕ. ಕೊಡುವುದಿಲ್ಲ ಎಂದು ಮಗಳನ್ನು ಹಿಡಿದುಕೊಂಡು ನಿಂತವಳು ತಾಯಿ. ಮದುವೆ ನೋಡಬಾರದವಳು ಮದುವೆ ನಿಲ್ಲಿಸುತ್ತಾಳೆ. ಈ ರೂಢಿಯ ವಿಷಯ ಗೊತ್ತಾದ ಮೇಲೆ ಆ ದೃಶ್ಯ ನನಗೆ ಬೇರೆಯೇ ಆಗಿ ಕಂಡಿತು.

ಈಗ ಶಿಬಪುರಕ್ಕೆ. ಮದುವೆ ಚಿತ್ರೀಕರಿಸುವವರ ದರಪಟ್ಟಿಯಲ್ಲಿ ಎಲ್ಲೆಡೆಯೂ ಎರಡು ಸಾಲು ಇರುತ್ತವೆ. ಟ್ರೆಡಿಷನಲ್ ಒಂದು, ಸಿನಿಮ್ಯಾಟಿಕ್ ಒಂದು. ಮೊದಲನೆಯದು ನಮ್ಮ ಹಳೆಯ ಮೂರು ಗಂಟೆಯ ಕ್ಯಾಸೆಟ್ಟಿನ ಮೊಮ್ಮಗ, ಎಲ್ಲವನ್ನೂ ಆದ ಹಾಗೇ ಹಿಡಿಯುವುದು. ಬೆಂಗಳೂರಿನಲ್ಲೂ ಹೀಗೇ ಎಂದು ಮದುವೆ ಮಾಡಿದವರು ಹೇಳುತ್ತಾರೆ. ನನ್ನ ಸಹೋದ್ಯೋಗಿಯ ಮಗಳು ಟ್ರೆಡಿಷನಲ್ ಬೇಡ, ಯಾರು ನೋಡುತ್ತಾರೆ ಅದನ್ನು ಎಂದಿದ್ದಳು. ದುಡ್ಡೂ ಉಳಿಯುತ್ತದೆಂದು ಇವರೂ ಹೂಂ ಎಂದಿದ್ದರು.

ಫೆಬ್ರವರಿಯಲ್ಲಿ ಚಿತ್ರ ಬಂತು. ನಾಲ್ಕು ನಿಮಿಷ ಹತ್ತು ಸೆಕೆಂಡು. ಮನೆಗೆ ಕರೆದು ದೊಡ್ಡ ಟಿವಿಯಲ್ಲಿ ತೋರಿಸಿದರು. ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಎಲೆ ಸರಿಯುವಾಗ ಅವಳ ರೆಪ್ಪೆ ಏಳುವುದನ್ನು ಎಷ್ಟು ನಿಧಾನ ಮಾಡಿದ್ದರೆಂದರೆ ನನಗೂ ಗಂಟಲು ಕಟ್ಟಿತು. ಆ ರಾತ್ರಿ ಮೂರು ಬೆನ್ನುಗಳ ಹಿಂದೆ ನಿಂತು ಕಾಣದ್ದು ಈಗ ಕಂಡಿತು. ಮುಗಿದ ಮೇಲೆ ಹುಡುಗಿಯ ಅಮ್ಮ ಕೇಳಿದರು, ಸಂಪ್ರದಾನ ಎಲ್ಲಿ? ಮಗಳ ಕೈಯನ್ನು ಅವಳ ಅಜ್ಜ ಒಪ್ಪಿಸಿದ್ದರು, ಎಂಬತ್ತಾರು ವರ್ಷದವರು. ಅವರು ಚಿತ್ರದಲ್ಲಿ ಒಂದು ಕೈಯಾಗಿ ಮಾತ್ರ ಇದ್ದರು, ಅದೂ ಮಬ್ಬಾಗಿ. ಮಂತ್ರ ಎಲ್ಲಿ ಎಂದು ಕೇಳಿದರು. ಹಾಡಿನ ಕೆಳಗೆ ಹೋಗಿತ್ತು. ಯಾರೂ ಮಾತಾಡಲಿಲ್ಲ. ಅವರು ಸಿಟ್ಟಾಗಿರಲಿಲ್ಲ, ನಾಲ್ಕು ನಿಮಿಷದಲ್ಲಿ ಮದುವೆ ಆಗಿಹೋಯಿತೇ ಎಂಬ ಆಶ್ಚರ್ಯ ಅಷ್ಟೇ.

ಚಿತ್ರದವರು ಕೆಟ್ಟ ಕೆಲಸ ಮಾಡಿದ್ದಾರೆ ಎನ್ನಲಾರೆ. ಅವರನ್ನು ಕೇಳಿದ್ದೇ ಜೋಡಿಯ ಚಿತ್ರ, ಕೊಟ್ಟದ್ದೂ ಅದನ್ನೇ. ಹಳೆಯ ಕ್ಯಾಸೆಟ್ಟು ಬಂದವರ ದಾಖಲೆಯಾಗಿತ್ತು. ಅದರಲ್ಲಿ ಮದುಮಕ್ಕಳು ಅಲ್ಲಲ್ಲಿ ಬರುತ್ತಿದ್ದರು. ಹೊಸದರಲ್ಲಿ ಮದುಮಕ್ಕಳಷ್ಟೇ, ಬಂದವರು ಬಣ್ಣದ ಗುಳ್ಳೆಗಳು. ಟಾಗೋರರ ಕಾಲದ ಸ್ಟುಡಿಯೋದಲ್ಲಿ ಎಲ್ಲರಿಂದ ಬಿಡಿಸಿಕೊಂಡು ಇಬ್ಬರೇ ಕೂರುವುದು ಒಂದು ಬಿಡುಗಡೆಯಾಗಿತ್ತು. ಈಗಲೂ ಹಾಗೆಯೇ ಇರಬಹುದು. ಇಪ್ಪತ್ತೈದರ ವಯಸ್ಸಿನಲ್ಲಿ ನನಗೂ ಪಂಕ್ತಿಯಲ್ಲಿ ಊಟ ಮಾಡುವ ನೆಂಟರ ವಿಡಿಯೋ ಬೇಕಿರಲಿಲ್ಲ.

ನಾನು ಹೇಳಿದ್ದು ಒಂದೇ ಮಾತು. ರಾ ಫುಟೇಜ್ ಕೇಳಿ, ಇವತ್ತೇ ಕೇಳಿ, ಜಾಗ ಸಾಲದೆ ಅಳಿಸಿಬಿಡುತ್ತಾರೆ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಎಲ್ಲರೂ ನನ್ನ ಕಡೆ ನೋಡಿದರು. ಮಾರನೇ ದಿನವೇ ಹೋಗಿ ಹೊಸ ಹಾರ್ಡ್ ಡಿಸ್ಕ್ ಕೊಟ್ಟು ತುಂಬಿಸಿಕೊಂಡು ಬಂದರು. ನಾನೂರು ಚಿಲ್ಲರೆ ಜಿಬಿ. ಹುಡುಗಿಯ ಅಮ್ಮ ಈಗ ದಿನಾ ಸಂಜೆ ಅಡುಗೆ ಮುಗಿಸಿ ಒಂದೊಂದು ಫೈಲು ನೋಡುತ್ತಾರಂತೆ. ಅಲುಗಾಡುವವು, ಫೋಕಸ್ ತಪ್ಪಿದವು, ಕ್ಯಾಮರಾದವನು ದೀಪ ಇತ್ತ ತಿರುಗಿಸು ಎಂದು ಕಿರುಚುವವು. ಅಜ್ಜ ಮಂತ್ರ ಮರೆತು ಪುರೋಹಿತರ ಮುಖ ನೋಡಿದ್ದು ಅದರಲ್ಲಿ ಸಿಕ್ಕಿತು. ನಾನು ಮೂರನೇ ಸಲ ರಸಗುಲ್ಲಾ ಹಾಕಿಸಿಕೊಂಡದ್ದೂ.

ಇದಾದ ವಾರಕ್ಕೆ ನಾನು ಊರಿಂದ ತಂದಿಟ್ಟುಕೊಂಡಿದ್ದ ಕ್ಯಾಸೆಟ್ಟನ್ನು ಹೊರತೆಗೆದೆ. ಹತ್ತು ವರ್ಷ ಹೌರಾದ ನನ್ನ ಮನೆಯ ಅಟ್ಟದಲ್ಲಿತ್ತು. ಬೂಸಲು ಬಂದಿತ್ತು. ಎಸ್ಪ್ಲನೇಡಿನ ಹಿಂದೆ ಚಾಂದ್ನಿಯ ಸಂದಿಯಲ್ಲಿ ಒಬ್ಬ ಮುದುಕ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಿಕೊಡುತ್ತಾನೆ. ಬೋರ್ನ್ ಅಂಡ್ ಶೆಫರ್ಡಿನ ಕಟ್ಟಡ ಅಲ್ಲಿಂದ ಐದು ನಿಮಿಷದ ದಾರಿ. ಅದು ಮುಚ್ಚಿದ್ದು 2016ರ ಜೂನಿನಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ ಅದನ್ನು ನಿಲ್ಲಿಸಿದ್ದು ಮರುತಿಂಗಳು, ಜುಲೈನಲ್ಲಿ. ಈ ಮುದುಕನ ಹತ್ತಿರ ನಾಲ್ಕು ವಿಸಿಆರ್ ಇವೆ, ಮೂರು ಕೆಟ್ಟವು, ಅವುಗಳ ಬಿಡಿಭಾಗ ತೆಗೆದು ನಾಲ್ಕನೆಯದನ್ನು ಓಡಿಸುತ್ತಾನೆ. ಟೇಪನ್ನು ಬಿಚ್ಚಿ, ಒರೆಸಿ, ಬೇರೆ ಡಬ್ಬಿಗೆ ಹಾಕಿದ. ಬೆನ್ನಿನಲ್ಲಿದ್ದ ಹಳದಿಯಾದ ಸೆಲೋಟೇಪ್ ತುಂಡನ್ನು ಉಗುರಿನಿಂದ ಕೆರೆದು, ಇದು ಯಾರ ಕೆಲಸ ಎಂದು ಕೇಳಿದ.

ಪಂದ್ಯ ಶುರುವಾಯಿತು. ಫಾಸ್ಟ್ ಫಾರ್ವರ್ಡ್ ಮಾಡಬೇಡ ಎಂದೆ, ಟೇಪ್ ಹರಿದೀತೆಂಬ ಹೆದರಿಕೆ. ಇಬ್ಬರೂ ಸ್ಟೂಲಿನ ಮೇಲೆ ಕೂತು ನೋಡಿದೆವು. ಅವನು ಆ ರಾತ್ರಿ ಗ್ಯಾಲರಿಯಲ್ಲಿದ್ದನಂತೆ. ಬಾಟಲಿ ಎಸೆದಿರಾ ಎಂದರೆ ನಕ್ಕ. ಕಾಂಬ್ಳಿ ಅತ್ತ. ಚಿಕ್ಕಪ್ಪ ಯಾವಾಗಲೋ ಬಂದು ಆಫ್ ಮಾಡಿದ್ದಿರಬೇಕು, ತೆರೆಯ ತುಂಬ ಮಿಡತೆಗಳು ಹಾರಿದಂತಾಗಿ, ಮಧ್ಯಾಹ್ನದ ಬಿಸಿಲು ಬಂತು. ನಮ್ಮ ಅಂಗಳ, ಅಡಿಕೆ ಸೋಗೆಯ ಚಪ್ಪರ, ಎಲೆಯ ಮುಂದೆ ಕೂತ ಜನ. ಉಳಿದಿದ್ದದ್ದು ಹತ್ತೊಂಬತ್ತು ನಿಮಿಷ. ಹದಿನಾಲ್ಕನೇ ನಿಮಿಷದಲ್ಲಿ ಎಡಗಡೆಯಿಂದ ಅಪ್ಪ ಬಂದ, ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ತಾಮ್ರದ ದೊಡ್ಡ ತಂಬಿಗೆ ಹಿಡಿದು, ಯಾರಿಗೋ ನೀರು ಬಗ್ಗಿಸಿ, ಏನೋ ಕೇಳಿ, ಬಲಗಡೆಗೆ ಹೋದ. ಎಂಟು ಸೆಕೆಂಡು. ಕ್ಯಾಮರಾ ಅವನ ಮೇಲೆ ಇರಲಿಲ್ಲ, ಮುಂದಿನ ಸಾಲಿನಲ್ಲಿ ಹೋಳಿಗೆ ತಿನ್ನುತ್ತಿದ್ದ ಮಗುವಿನ ಮೇಲಿತ್ತು.

ಕ್ರಿಕೆಟ್ಟನ್ನು ಕತ್ತರಿಸಿ ತೆಗೆಯಲೇ ಎಂದು ಮುದುಕ ಕೇಳಿದ. ಇರಲಿ ಎಂದೆ.

ಆ ಎಂಟು ಸೆಕೆಂಡನ್ನು ಬಿಡಿಸಿ ಅಮ್ಮನ ಫೋನಿಗೆ ಕಳಿಸಿದೆ. ರಾತ್ರಿಯವರೆಗೂ ಉತ್ತರವಿಲ್ಲ. ಒಂಬತ್ತು ಗಂಟೆಗೆ ಅವಳೇ ಫೋನ್ ಮಾಡಿದಳು. ಮಳೆ, ಕೊಳೆರೋಗ, ಅಡಿಕೆಯ ರೇಟು ಎಲ್ಲ ಆಯಿತು. ಕೊನೆಗೆ, ಆ ತಂಬಿಗೆ ಪಕ್ಕದ ಮನೆಯಿಂದ ತಂದದ್ದು, ವಾಪಸು ಕೊಟ್ಟಿದ್ದೇವೋ ಇಲ್ಲವೋ ಎಂದು ಆಗಲೇ ಒಂದು ಅನುಮಾನ ಇತ್ತು, ನಾಳೆ ಅಟ್ಟದಲ್ಲಿ ನೋಡಿಸುತ್ತೇನೆ ಎಂದಳು.